ದಿಲ್ಲಿ ಒಡೆಯೆಂದ ಕಟ್ಟೆ

ನಮ್ಮ ಮನೆಯಲ್ಲಿ ಕೊನೆಯ ಮಾತು ಅತ್ತೆಯದು. ಆ ಮಾತು ಹೊರಡುವುದು ಮಾತ್ರ ನೆಲಕ್ಕಿಂತ ಕೆಳಗಿನಿಂದ. ಬೆಟಗೇರಿಯ ನಮ್ಮಂಥ ನೇಕಾರರ ಮನೆಗಳಲ್ಲಿ ಇರುವುದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ಅತ್ತೆ ಮುಂಜಾನೆ ಅದರೊಳಗೆ ಇಳಿದರೆಂದರೆ ಊಟದ ಹೊತ್ತಿನವರೆಗೆ ಏಳುವವರಲ್ಲ. ಆಜ್ಞೆಗಳೆಲ್ಲ ಅಲ್ಲಿಂದಲೇ. "ಹಾಲು ಉಕ್ಕಾಕತ್ತೈತಿ ನೋಡು." "ಬಾಗಲದಾಗ ಯಾರೋ ನಿಂತಾರ." "ಈ ವಾರ ಬದನಿಕಾಯಿ ಸಾಕು ಅಂತ ಅವಗ ಹೇಳು." ಆಜ್ಞೆ ಅವರದು, ಓಡಾಟ ನಮ್ಮದು. ಕುಣಿಯಿಂದ ಅವರು ಎದ್ದು ಬರುವುದಿಲ್ಲ ಎಂದು ನಮಗೆ ಗೊತ್ತು. ನಾವು ಏಳದಿದ್ದರೆ ಹಾಲು ಒಲೆಯ ಪಾಲು ಎಂದು ಅವರಿಗೂ ಗೊತ್ತು. ಆದರೂ ಇಷ್ಟು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಹಾಲು ಉಕ್ಕಿದ್ದು ಕಡಿಮೆ.

ನಾನು ದಿನಾ ಗದಗಿನಿಂದ ಬಸ್ಸು ಹಿಡಿದು ಲಕ್ಷ್ಮೇಶ್ವರಕ್ಕೆ ಹೋಗಿ ಹೈಸ್ಕೂಲಿನ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸುವವಳು. ಚಿಂತೆ ಮಾಡುವುದು ನನ್ನ ಇನ್ನೊಂದು ಉದ್ಯೋಗ, ಅದಕ್ಕೆ ರಜೆ ಇಲ್ಲ. ಬಸ್ಸು ಹತ್ತಿದ ಕೂಡಲೇ ಗ್ಯಾಸು ಬಂದ್ ಮಾಡಿದೆನೋ ಇಲ್ಲವೋ ಎಂದು ಶುರುವಾಗುತ್ತದೆ. ಮನೆಗೆ ಫೋನು ಹಚ್ಚುತ್ತೇನೆ. ಗಂಡ "ಹ್ಞೂಂ, ಮಾಡೀದಿ" ಅನ್ನುತ್ತಾರೆ. ಅವರು ಎದ್ದು ಹೋಗಿ ನೋಡಿ ಹೇಳಿದರೋ, ಕೂತಲ್ಲೇ ಹೇಳಿದರೋ ಎಂಬ ಚಿಂತೆ ಮುಳಗುಂದದವರೆಗೆ. ಮುಳಗುಂದ ದಾಟಿದ ಮೇಲೆ ಬೇರೆ ಚಿಂತೆ.

ತರಗತಿಯಲ್ಲಿ ಮಾತ್ರ ನನಗೆ ಯಾವ ಅನುಮಾನವೂ ಇರುತ್ತಿರಲಿಲ್ಲ. ಬೋರ್ಡಿನ ಮೇಲೆ ಒಂದು ತ್ರಿಕೋನ ಬರೆಯುತ್ತಿದ್ದೆ. ಕೆಳಗೆ ತಾಲ್ಲೂಕು ಮತ್ತು ಜಿಲ್ಲೆಯ ಕೋರ್ಟುಗಳು, ನಡುವೆ ಹೈಕೋರ್ಟು, ಚೂಪಾದ ತುದಿಯಲ್ಲಿ ಸುಪ್ರೀಂ ಕೋರ್ಟು. ಆ ತುದಿಗೆ ಸೀಮೆಸುಣ್ಣದಿಂದ ಟಪ್ಪೆಂದು ಒಂದು ಏಟು ಕೊಟ್ಟು, "ಇದು ಹೇಳಿದ ಮೇಲೆ ಮುಗೀತು" ಎಂದು ಹೇಳಿ ಕೈ ಝಾಡಿಸಿಕೊಳ್ಳುತ್ತಿದ್ದೆ. ಹೇಳಿದ್ದನ್ನು ಯಾರು ಮಾಡುತ್ತಾರೆ ಎಂಬುದಕ್ಕೆ ತ್ರಿಕೋನದಲ್ಲಿ ಜಾಗ ಇರಲಿಲ್ಲ. ನಮ್ಮ ಓಣಿಯ ಒಂದು ಕಟ್ಟೆ ಆ ತುದಿಯವರೆಗೆ ಹೋಗಿ ಬಂದ ಮೇಲೆ ನನಗೆ ಈ ಕೊರತೆ ತಿಳಿಯಿತು.

ಕಟ್ಟೆಯ ಜಗಳ ತಿಳಿಯಬೇಕಾದರೆ ಮೊದಲು ಹಾಸಿನ ವಿಷಯ ಹೇಳಬೇಕು. ಸೀರೆಯ ಉದ್ದಕ್ಕೆ ಹರಿಯುವ ನೂಲೇ ಹಾಸು. ಮಗ್ಗಕ್ಕೆ ಏರಿಸುವ ಮೊದಲು ಅದನ್ನು ಓಣಿಯಲ್ಲಿ ನೇರಕ್ಕೆ ಎಳೆದು, ನಡುನಡುವೆ ಅಡ್ಡ ಕೋಲು ಕೊಟ್ಟು ಬಿಗಿಯಾಗಿ ಹಿಡಿದು, ಗಂಜಿ ಹಚ್ಚಿ, ಕುಂಚಿಗೆ ಎಂಬ ಉದ್ದನೆಯ ಬ್ರಶ್ಶಿನಿಂದ ತೀಡಿ, ಎಳೆಬಿಸಿಲಿನಲ್ಲಿ ಒಣಗಿಸಬೇಕು. ಒಂದು ಮನೆಯ ಕೈಗಳು ಇದಕ್ಕೆ ಸಾಲವು. ಆದ್ದರಿಂದ ಹಾಸಿನ ಮನೆಯವರು ಮೊದಲೇ ಮನೆಮನೆಗೆ ಹೋಗಿ ಕೈ ಕರೆಯುತ್ತಾರೆ: "ನಾಳಿ ನಮ್ಮ ಹಾಸೈತಿ, ಒಬ್ಬರನ್ನ ಕಳಸ್ರಿ." ಕರೆದರೆ ಹೋಗಲೇಬೇಕು, ಜಗಳವಿರಲಿ, ಜ್ವರವಿರಲಿ. ಇವತ್ತು ಹೋಗದವರು ನಾಳೆ ತಮ್ಮ ಹಾಸು ಹಾಕಿದಾಗ ಯಾರನ್ನು ಕರೆದಾರು? ಓಣಿಯ ಕೊನೆಯ ಮನೆಯವರು ಕೊನೆಯ ಕೋಲು ಹಿಡಿಯಬೇಕು, ಅದೂ ಹಿಂದಿನಿಂದ ಬಂದದ್ದೇ. ಇನ್ನು ಹಸಿ ಹಾಸು ಓಣಿಯಲ್ಲಿ ಇರುವಷ್ಟು ಹೊತ್ತು ಯಾರೂ ಕಸ ಗುಡಿಸುವಂತಿಲ್ಲ, ಚಾಪೆ ಝಾಡಿಸುವಂತಿಲ್ಲ, ಸೈಕಲ್ಲಿನಿಂದ ಇಳಿದು ನಡೆಯಬೇಕು. ಗಂಜಿಯ ಎಳೆಗೆ ಧೂಳು ಅಂಟಿತೆಂದರೆ ಮಗ್ಗದಲ್ಲಿ ಪಟಪಟನೆ ಹರಿಯುತ್ತದೆ.

ಓಣಿಯ ಕೊನೆಯ ಮನೆಯವನು ನನ್ನ ಗಂಡನ ವಾರಿಗೆಯವನು. ನೇಯುವುದು ಬಿಟ್ಟು ಮಿರ್ಚಿ ಭಜಿಯ ಗಾಡಿ ಹಾಕಿದವನು. ಮಗ್ಗ ಅವನ ಹೆಂಡತಿ ನಡೆಸುತ್ತಾಳೆ. ಗಾಡಿ ನಿಲ್ಲಿಸಲೆಂದು ಅವನು ಓಣಿಗೆ ಅಡ್ಡಲಾಗಿ ಸಿಮೆಂಟಿನ ಒಂದು ಕಟ್ಟೆ ಕಟ್ಟಿ, ಮೇಲೆ ತಗಡು ಹೊದಿಸಿದ. ಗಾಡಿ ಮೇಲೇರಲು ಒಂದು ಇಳಿಜಾರು, ಮಂದಿ ಏರಲು ಗೋಡೆಯ ಬದಿಗೆ ಒಂದು ಪಾವಟಿಗೆ. ಮಂದಿ ನಡೆದಾಡಲು ಸಂದು ಉಳಿಯಿತು, ಹಾಸಿನ ಪಾಲಿಗೆ ಮಾತ್ರ ಓಣಿ ಮೊಂಡಾಯಿತು. ಉದ್ದ ಹಾಸು ಹಿಡಿಯುವುದು ನಿಂತು, ಎಲ್ಲರೂ ಸಣ್ಣ ಸಣ್ಣ ಹಾಸು ಹಾಕತೊಡಗಿದರು.

ಸಣ್ಣ ಹಾಸು ಬೇಗ ಮುಗಿಯುತ್ತದೆ. ಮುಗಿದಾಗಲೆಲ್ಲ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ಒಂದೊಂದು ಎಳೆಗೆ ಜೋಡಿಸಬೇಕು. ಸಾವಿರಾರು ಎಳೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಅತ್ತೆಯ ಎರಡೂ ಕಣ್ಣಿಗೆ ಆಪರೇಶನ್ ಆಗಿತ್ತು. "ದೂರದ ಬಸ್ಸಿನ ಬೋರ್ಡ್ ಕಾಣತೈತಿ, ಕೈಯಾಗಿನ ಎಳಿ ಕಾಣೂದಿಲ್ಲ. ನನಗ ಬಸ್ಸಿನ ಬೋರ್ಡ್ ತಗೊಂಡು ಏನ ಮಾಡೂದೈತಿ?" ಎಂದು ಡಾಕ್ಟರನ್ನೇ ಕೇಳಿದ್ದರು. ಒಮ್ಮೆ ನಾನು ಸಹಾಯಕ್ಕೆ ಕೂತೆ. ನಾನು ಕೆಚ್ಚಿದ್ದನ್ನೆಲ್ಲ ಬಿಚ್ಚುವುದರಲ್ಲಿ ಅವರ ಒಂದು ದಿನ ಹೋಯಿತು. ಆಮೇಲೆ ನನ್ನನ್ನು ಕರೆಯಲಿಲ್ಲ. ಉದ್ದ ಹಾಸು ಹಾಕಿದರೆ ವರ್ಷದಲ್ಲಿ ಒಮ್ಮೆ ಕೆಚ್ಚಿದರೆ ತೀರಿತು. ಕಟ್ಟೆ ಇದ್ದರೆ ಅತ್ತೆಗೆ ಮಗ್ಗ ಇಲ್ಲ, ವಿಷಯ ಅಷ್ಟೇ. ಅದಕ್ಕೇ ಅವರು ಕೋರ್ಟಿಗೆ ಹೋದದ್ದು.

ವಾದಿ ಪ್ರತಿವಾದಿಗಳಾದ ಮೇಲೂ ಇಬ್ಬರ ನಡುವೆ ಮಾತು ನಿಂತಿರಲಿಲ್ಲ. ತಾರೀಖಿನ ದಿನ ಅವನೇ ಬಾಗಿಲಿಗೆ ಬರುತ್ತಿದ್ದ. "ಕಾಕಿ, ಇವತ್ತ ನಮ್ಮದು ಐತಿ. ಟಂಟಂ ನಿಂದ್ರಿಸೇನಿ, ಜಲ್ದಿ ಬರ್ರಿ." ಇಬ್ಬರೂ ಒಂದೇ ಟಂಟಂನಲ್ಲಿ ಹೋಗಿ, ಕೋರ್ಟಿನಲ್ಲಿ ಎದುರುಬದುರು ನಿಂತು, ತಿರುಗಿ ಅದೇ ಟಂಟಂನಲ್ಲಿ ಬರುತ್ತಿದ್ದರು. ಅವನ ಹೆಂಡತಿಯ ಹಾಸು ಇದ್ದ ಮುಂಜಾನೆ ಅತ್ತೆ ಕುಂಚಿಗೆ ಹಿಡಿದು ಅದಕ್ಕೆ ಹೋಗುತ್ತಿದ್ದರು. ನಮ್ಮ ಹಾಸಿದ್ದಾಗ ಅವನು ಕೊನೆಯ ಕೋಲು ಹಿಡಿಯುತ್ತಿದ್ದ, ತನ್ನದೇ ಕಟ್ಟೆಗೆ ಬೆನ್ನು ಆನಿಸಿಕೊಂಡು.

ಗದಗಿನಲ್ಲಿ ಅತ್ತೆ ಗೆದ್ದರು. ಅವನು ಧಾರವಾಡದ ಹೈಕೋರ್ಟಿಗೆ ಹೋದ. ಅಲ್ಲಿಯೂ ಅತ್ತೆಯೇ ಗೆದ್ದರು. ಅಷ್ಟು ಹೊತ್ತಿಗೆ ಅವನಿಗೂ ಹಟ ಏರಿತ್ತು, ದಿಲ್ಲಿಗೆ ಹೋದ. ಅಂದರೆ ಅವನ ಕಾಗದಪತ್ರ ಹೋದವು, ಅವನು ಇಲ್ಲೇ ಮಿರ್ಚಿ ಕರಿಯುತ್ತಿದ್ದ. ಕೊನೆಗೊಂದು ದಿನ ದಿಲ್ಲಿಯವರೂ ಹೇಳಿದರು: ಓಣಿ ಓಣಿಯವರದು, ಕಟ್ಟೆ ಪೂರ್ತಿ ತೆಗೆಯಬೇಕು.

ಮರುದಿನ ತರಗತಿಯಲ್ಲಿ ನಾನು ತ್ರಿಕೋನದ ತುದಿಗೆ ಕೊಟ್ಟ ಏಟಿಗೆ ಸೀಮೆಸುಣ್ಣ ಮುರಿಯಿತು. ನಮ್ಮ ಬೆಟಗೇರಿಯ ಒಂದು ಓಣಿಯ ಮಾತು ಇಲ್ಲಿಯವರೆಗೆ ಹೋಗಿದೆ ಎಂದು ಹೆಮ್ಮೆಯಿಂದ ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಟೀಚರ್, ಒಡಿಯಾಕ ದಿಲ್ಲಿಯಿಂದನ ಮಂದಿ ಬರತಾರೇನ್ರಿ?"

"ಅದಕ್ಕೆಲ್ಲ ವ್ಯವಸ್ಥೆ ಇರತೈತಿ, ಕುಂಡ್ರು" ಎಂದೆ. ಉತ್ತರ ಗೊತ್ತಿಲ್ಲದಾಗ ನಾವು ಶಿಕ್ಷಕರು ಹೇಳುವ ಮಾತು ಇದೇ.

ಆ ಸಂಜೆ ಅತ್ತೆಯ ಜೊತೆ ವಕೀಲರ ಹತ್ತಿರ ಹೋದೆ. ವಕೀಲರು ಪೇಢೆ ಕೊಟ್ಟರು. ಪೇಢೆ ಬಾಯಲ್ಲಿರುವಾಗಲೇ, "ಈಗ ಇಲ್ಲೇ ಗದಗಿನ ಕೋರ್ಟಿಗೆ ಒಂದು ಅರ್ಜಿ ಹಾಕಬೇಕ್ರಿ, ತೀರ್ಪು ಜಾರಿ ಮಾಡ್ರಿ ಅಂತ" ಎಂದರು.

ಅತ್ತೆ ಪೇಢೆ ನುಂಗಿ ಕೇಳಿದರು: "ಅಲ್ರಿ, ಇಲ್ಲಿಂದನ ಅಲ್ಲ ಅದು ಹೋಗಿದ್ದು?"

"ಹೌದ್ರಿ. ಇಲ್ಲಿಗೇ ಬರತೈತಿ."

"ಹಂಗಂದ್ರ ಡೆಲ್ಲೀತನಕ ಯಾಕ ಹೋಗಿತ್ತು?"

"ಕೊನೀ ಮಾತು ಕೇಳಿಕೊಂಡ ಬರಾಕ್ರಿ."

"ಕೇಳಿಕೊಂಡ ಬಂತಲ್ಲ. ಈಗ ಗುದ್ದಲಿ ಯಾರ ಕಡೆ ಐತಿ?"

ವಕೀಲರು ತಾಳ್ಮೆಯಿಂದ ಬಿಡಿಸಿ ಹೇಳಿದರು. ದಿಲ್ಲಿಯ ಕೋರ್ಟಿನ ಕೈಯಲ್ಲಿ ಇರುವುದು ಪೆನ್ನು. ಲಾಠಿ ಪೊಲೀಸರ ಹತ್ತಿರ, ಗುದ್ದಲಿ ಗೌಂಡಿಗಳ ಹತ್ತಿರ. ಆದೇಶ ಹಿಡಿದುಕೊಂಡು ಬಾಗಿಲಿಗೆ ಬರುವವರು ಗದಗ ಕೋರ್ಟಿನ ಬೇಲೀಫರು. ದಿಲ್ಲಿಯ ಮಾತಿಗೆ ದೇಶದ ಎಲ್ಲ ಅಧಿಕಾರಿಗಳೂ ನೆರವಾಗಬೇಕು ಅಂತ ಸಂವಿಧಾನವೇ ಹೇಳಿದೆ. ಅವರೆಲ್ಲ ಕೈಜೋಡಿಸಿದರೆ ಕಟ್ಟೆ ಬೀಳುತ್ತದೆ.

"ಅಂದ್ರ ಅವರೂ ಕುಣ್ಯಾಗ ಕುಂತು ಹೇಳವರ" ಎಂದರು ಅತ್ತೆ. ಹೊರಗೆ ಬಂದ ಮೇಲೆ, "ಪಾಪ" ಎಂದೂ ಸೇರಿಸಿದರು.

ಕೆಲವು ವಾರಗಳ ನಂತರ ಬೇಲೀಫರು ಬಂದರು. ನಿವೃತ್ತಿಯ ಹತ್ತಿರದ ಮನುಷ್ಯ, ಕಂಕುಳಲ್ಲಿ ಛತ್ರಿ, ಬಹಳ ಮರ್ಯಾದೆಯ ಮಾತು. ಆಳುಗಳನ್ನು ಶಿರಹಟ್ಟಿಯಿಂದ ಕರೆತಂದಿದ್ದರು. ಬೆಟಗೇರಿಯ ಯಾವ ಗೌಂಡಿಯೂ ಒಪ್ಪಿರಲಿಲ್ಲ. ಸಂಜೆ ಮಿರ್ಚಿ ತಿನ್ನುವ ಕಟ್ಟೆಯನ್ನು ಮುಂಜಾನೆ ಹೇಗೆ ಒಡೆಯುವುದು ಎಂಬುದು ಅವರ ವಾದ. ನಾನು ರಜೆ ಹಾಕಿ ನಿಂತಿದ್ದೆ. ಬೇಲೀಫರು ಓಣಿಯ ಬಾಯಿಗೆ ಬಂದು ನಿಂತೇ ಬಿಟ್ಟರು. ಓಣಿಯ ತುಂಬ ಹಾಸು. ಮಿರ್ಚಿಯವನ ಹೆಂಡತಿಯದು. ಬಿಳಿ ಎಳೆಗಳು ಗಂಜಿಯಿಂದ ಮಿರಮಿರ ಮಿಂಚುತ್ತಿದ್ದವು. ಎರಡೂ ಬದಿ ಓಣಿಯವರು ಸಾಲಾಗಿ ನಿಂತಿದ್ದರು. ನಡುವೆ ಕುಂಚಿಗೆ ಹಿಡಿದು ತೀಡುತ್ತಿದ್ದವರು ನಮ್ಮ ಅತ್ತೆ.

"ಎಷ್ಟೊತ್ತಿಗೆ ಮುಗೀತದ್ರಿ ಇದು?" ಬೇಲೀಫರು ಕೇಳಿದರು.

"ಬಿಸಲ ಹೇಳಿದಷ್ಟೊತ್ತಿಗ್ರಿ" ಎಂದಳು ಹಾಸಿನ ಒಡತಿ.

ಆಳುಗಳು ಸುಮ್ಮನೆ ನಿಲ್ಲಲಾರದೆ ಗುದ್ದಲಿ ಎಳೆದುಕೊಂಡು ಕಟ್ಟೆಯ ಕಡೆ ಹೊರಟರು. ಅತ್ತೆ ಕುಂಚಿಗೆ ಎತ್ತಿ ಅಡ್ಡ ಬಂದರು.

"ಏಯ್, ನಿಂದರ್ರಿ ಅಲ್ಲೆ! ಎಳಿ ಹಸಿ ಅದಾವ, ಕಣ್ಣ ಕಾಣಸ್ತಾವಿಲ್ಲೋ? ಧೂಳ ಎಬ್ಬಸಾಕ ಬಂದೀರೇನು?"

ನಾನು ಓಡಿ ಹೋಗಿ ಕಿವಿಯಲ್ಲಿ ಹೇಳಿದೆ: "ಅತ್ತೀ, ಇವರು ನಮ್ಮ ಕಡೆಯವರು. ನಮ್ಮ ಕೆಲಸಕ್ಕನ ಬಂದಾರ."

"ಯಾರ ಕಡೆಯವರರೆ ಆಗಲಿ. ಧೂಳ ಧೂಳನ."

ದೇಶದ ಅತ್ಯುನ್ನತ ನ್ಯಾಯಾಲಯದ ಆದೇಶ ಕುಂಚಿಗೆಯ ಮುಂದೆ ನಿಂತುಬಿಟ್ಟಿತು. ಬಿಸಿಲು ಏರಿ ಹಾಸು ಒಣಗುವ ಹೊತ್ತಿಗೆ ಆಳುಗಳು ಬಸ್ಸಿನ ಹೊತ್ತಾಯಿತೆಂದು ಎದ್ದಿದ್ದರು. ಅಷ್ಟರಲ್ಲಿ ಮಿರ್ಚಿಯವನು ಬೇಲೀಫರನ್ನು ಕಟ್ಟೆಯ ಮೇಲೆ ಕುರ್ಚಿ ಹಾಕಿ ಕೂರಿಸಿ, ಬಿಸಿ ಮಿರ್ಚಿ ಗಿರಮಿಟ್ಟು ಮುಂದಿಟ್ಟಿದ್ದ. ಒಡೆಯಬೇಕಾದ ಕಟ್ಟೆಯ ಮೇಲೆಯೇ ಕೂತು ಬೇಲೀಫರು ಏನೋ ಬರೆದುಕೊಂಡರು. ಹೋಗುವಾಗ ಮೆಣಸಿನಕಾಯಿ ಖಾರ ಹದವಾಗಿದೆ ಎಂದು ಹೇಳಿ ಹೋದರು.

ಆವತ್ತಿನಿಂದ ನನಗೆ ಹೊಸ ಚಿಂತೆ ಹತ್ತಿತು. ತೀರ್ಪಿಗೆ ಅಡ್ಡ ಬಂದವರ ಮೇಲೆ ಕೋರ್ಟು ಸಿಟ್ಟಾಗುತ್ತದೆ ಎಂದು ನಾನೇ ಪಾಠ ಮಾಡಿದ್ದೆ. ಗೆದ್ದವರೇ ತಮ್ಮ ತೀರ್ಪಿಗೆ ಅಡ್ಡ ಬಂದರೆ ಏನಾಗುತ್ತದೆ ಎಂದು ಪುಸ್ತಕದಲ್ಲಿ ಇರಲಿಲ್ಲ. ದಿಲ್ಲಿಯ ನ್ಯಾಯಾಧೀಶರು ದಿನಾ ಮುಂಜಾನೆ ಚಹಾ ಕುಡಿಯುತ್ತ, "ಬೆಟಗೇರಿ ಕಟ್ಟೆ ಬಿತ್ತಂತೇನು?" ಎಂದು ಕೇಳುತ್ತಿರುವ ಹಾಗೆ, ಯಾರೋ, "ಇಲ್ಲ ಸ್ವಾಮಿ, ಒಬ್ಬ ಮುದುಕಿ ಕುಂಚಿಗೆ ತೋರಿಸಿದಳಂತೆ" ಎಂದು ತಲೆ ತಗ್ಗಿಸಿದ ಹಾಗೆ ಬಸ್ಸಿನಲ್ಲಿ ಕೂತಾಗ ಕಾಣುತ್ತಿತ್ತು. ಇದನ್ನು ನಮ್ಮ ಶಾಲೆಯ ಕನ್ನಡ ಮಾಸ್ತರಿಗೆ ಹೇಳಿಕೊಂಡೆ. ಅವರೂ ಅದೇ ಬಸ್ಸಿನವರು.

"ಅಕ್ಕೋರ, ನೀವು ಭಾಳ ಸಣ್ಣ ವಿಚಾರ ಮಾಡಾಕತ್ತೀರಿ" ಎಂದರು ಅವರು. "ನಿಮ್ಮ ಅತ್ತಿಯವರನ್ನ ಹಿಡ್ಯಾಕೂ ಬೇಲೀಫರ ಬರಬೇಕಲ್ಲ? ಬರಲಿ ಬಿಡ್ರಿ. ಮತ್ತ ಮಿರ್ಚಿ ತಿಂದು ಹೋಗತಾರ."

ಎರಡನೆಯ ತಾರೀಖಿಗೆ ಪೊಲೀಸರು ಬರಲಾಗಲಿಲ್ಲ. ಮುಂಡರಗಿಯಲ್ಲಿ ಯಾರದೋ ದೊಡ್ಡವರ ಸಭೆಗೆ ಬಂದೋಬಸ್ತಿಗೆ ಹೋಗಿದ್ದರು. ಬೇಲೀಫರು ಒಬ್ಬರೇ ಛತ್ರಿ ಹಿಡಿದು ಬಂದರು. ಓಣಿಯಲ್ಲಿ ಮತ್ತೆ ಹಾಸು, ಮತ್ತೆ ಮಿರ್ಚಿಯವನ ಮನೆಯದೇ. ಈ ಸಲ ನನ್ನ ತಲೆಯಲ್ಲಿ ದೀಪ ಹತ್ತಿತು. ಬೇಲೀಫರ ದಿನ ಮೊದಲೇ ಅವನಿಗೂ ಗೊತ್ತಾಗುತ್ತದೆ. ಗೊತ್ತಾದ ಕೂಡಲೇ ಅವನ ಮನೆಯಲ್ಲಿ ಹಾಸು ಏಳುತ್ತದೆ. ದೊಡ್ಡ ಪತ್ತೇದಾರಳ ಹಾಗೆ ಮಗ್ಗದ ಪಕ್ಕ ಮಂಡಿಯೂರಿ ಕೂತು ಅತ್ತೆಗೆ ಇದನ್ನು ವಿವರಿಸಿದೆ.

ಅವರು ಲಾಳಿ ನಿಲ್ಲಿಸಲಿಲ್ಲ. "ಗೊತ್ತೈತಿ" ಎಂದರು.

"ಗೊತ್ತಿದ್ದೂ ಕುಂಚಿಗಿ ಹಿಡಕೊಂಡ ಹೋದ್ರೇನ್ರಿ?"

"ಕರದಿದ್ಲು, ಹೋದ್ನಿ. ಹಾಕಿದ್ದು ಖರೇ ಹಾಸ ಹೌದಿಲ್ಲೋ? ನೇದಾಳ, ಸೀರಿ ಆಗೇತಿ. ಸುಳ್ಳು ಹಾಸ ಆಗಿದ್ರ ನಾನ ಅದನ್ನ ತುಳದು ಬೇಲೀಫನ್ನ ಕರಕೊಂಡ ಹೋಗತಿದ್ನಿ."

ಮಳೆಗಾಲ ಹತ್ತಿರ ಬರುತ್ತಿತ್ತು. ಮೋಡ ಕಟ್ಟಿದರೆ ಗಂಜಿ ಒಣಗುವುದಿಲ್ಲ, ಹಾಸಿನ ಮಾತು ದೀಪಾವಳಿಯ ಆಚೆಗೆ ಹೋಗುತ್ತದೆ. ಒಂದು ದಿನ ಊಟಕ್ಕೆ ಕೂತಾಗ ಅತ್ತೆ ತೀರ್ಪು ಕೊಟ್ಟರು. ಮಳೆಗೆ ಮೊದಲು ಉದ್ದ ಹಾಸು ಆದರೆ ಆಯಿತು. ಆಗದಿದ್ದರೆ ಇದೇ ಕೊನೆ, ಇನ್ನು ಸಣ್ಣ ಹಾಸು ಕೆಚ್ಚುವುದು ತಮ್ಮ ಕಣ್ಣಿನಿಂದ ಆಗದು, ಕುಣಿಯಿಂದ ಏಳುವುದೇ. ನನ್ನ ಗಂಡ ಗದಗಿನ ಎಲೆಕ್ಟ್ರಿಕ್ ಅಂಗಡಿಯಲ್ಲಿ ಕೆಲಸ ಮಾಡುವವರು, ತಾಯಿ ಕುಣಿಯಿಂದ ಎದ್ದರೆ ಸಾಕೆಂದು ಎಷ್ಟೋ ವರ್ಷಗಳಿಂದ ಕಾದವರು. ಖುಷಿಯನ್ನು ಮುಚ್ಚಿಕೊಳ್ಳಲು ಹೋಗಿ, "ಆ ಕುಣಿ ಮುಚ್ಚಿದ್ರ ಅಲ್ಲೊಂದು ಸೋಫಾ ಹಿಡಸತೈತಿ" ಎಂದುಬಿಟ್ಟರು. ಅತ್ತೆ ಅವರನ್ನೊಮ್ಮೆ ನೋಡಿ ರೊಟ್ಟಿ ಮುರಿದರು.

ನನಗೆ ಆ ಸೋಫಾ ಕಣ್ಣ ಮುಂದೆ ಬಂದು ನಿಂತಿತು. ಅದರ ಮೇಲೆ ಅತ್ತೆ, ಕೈ ಎರಡೂ ಖಾಲಿ. ಅದಕ್ಕಿಂತ ಹೆದರಿಕೆಯ ಚಿತ್ರ ನನ್ನ ಚಿಂತೆಗಳ ಸಂಗ್ರಹದಲ್ಲಿ ಇರಲಿಲ್ಲ.

ಮೂರನೆಯ ತಾರೀಖು ಹತ್ತಿರ ಬಂತು. ಈ ಸಲ ಪೊಲೀಸರೂ ಬರುವುದು ಖಾತ್ರಿ ಎಂದು ವಕೀಲರು ಫೋನು ಮಾಡಿದರು. ಅತ್ತೆಗೆ ಹೇಳಿದೆ.

"ಛಲೋ ಆತು. ಅವತ್ತ ನಮ್ಮ ಹಾಸ" ಎಂದರು.

"ಅತ್ತೀ! ಅವತ್ತ ಕಟ್ಟಿ ಒಡ್ಯಾಕ ಬರತಾರ."

"ಅದಕ್ಕನ. ಉದ್ದ ಹಾಸಕ್ಕ ಕೈ ಭಾಳ ಬೇಕು. ಓಣ್ಯಾಗ ಎಲ್ಲಿ ಉಳದಾವ ಕೈ? ಅರ್ಧ ಮಂದಿ ಅಂಗಡಿ, ಗ್ಯಾರೇಜ್ ಅಂತ ಹೋಗತಾರ. ಬೇಲೀಫ, ಪೊಲೀಸರು, ಆಳು, ಅಷ್ಟೂ ಮಂದಿ ಸುಮ್ಮನ ಬಂದು ನಿಂದರತಾರಲ್ಲ."

"ಉದ್ದ ಹಾಸಂದ್ರ ಕಟ್ಟಿ ಅಡ್ಡ ಬರತೈತಲ್ರಿ? ಹಸಿ ಹಾಸು ಬಿಚ್ಚಿ, ಎಳ್ಯಾಕ ಜಾಗಾ ಇಲ್ಲಂದ್ರ ವರ್ಷದ ನೂಲು ಹಾಳಾಗತೈತಿ."

"ಕಟ್ಟಿ ಅವಂದು, ಅದರ ಚಿಂತಿನೂ ಅವಂದು. ಒಂದರೆ ಚಿಂತಿ ಅವಗ ಬಿಟ್ಟುಕೊಡು. ನಿನ್ನ ಕಡೆ ಭಾಳ ಅದಾವ."

ಉದ್ದ ಹಾಸಾದ್ದರಿಂದ ಎರಡು ದಿನ ಮೊದಲೇ ಕೈ ಕರೆಯಲು ಹೊರಟರು. ನಾನು ಹಿಂದೆ. ಎಲ್ಲ ಮನೆ ಮುಗಿಸಿ ಕೊನೆಗೆ ಕಟ್ಟೆಯ ಹತ್ತಿರ ಬಂದಾಗ ಮಿರ್ಚಿಯವನು ಕಾದ ಎಣ್ಣೆಗೆ ಮೊದಲ ಮಿರ್ಚಿ ಬಿಡುತ್ತಿದ್ದ.

"ಲೇ, ನಾಡದ ಮುಂಜಾನಿ ನಮ್ಮ ಹಾಸೈತಿ. ಕೊನೀ ಕೋಲ ನಿಂದು."

"ಆತು ಕಾಕಿ, ಬರತೇನಿ" ಎಂದ. ರೂಢಿಯ ಮಾತು, ಬಾಯಿಂದ ತಾನೇ ಬಂತು. ಆಮೇಲೆ ಕರಿಯುವ ಝಾರಿ ಎತ್ತಿ ಹಿಡಿದು ನಿಂತ. "ನಾಡದ? ನಾಡದ ತಾರೀಖ ಐತೆಲ್ಲ... ಯಾವ ಹಾಸ ಕಾಕಿ? ಸಣ್ಣದಲ್ಲಾ?"

"ಉದ್ದಂದು."

ಎಣ್ಣೆಯಲ್ಲಿ ಮಿರ್ಚಿ ಕಪ್ಪಗಾಗತೊಡಗಿತು. "ಉದ್ದಂದು ಹಿಡೀಬೇಕಂದ್ರ ನಾ ಎಲ್ಲಿ ನಿಂದ್ರಲಿ?"

"ನಿಮ್ಮಪ್ಪ ಎಲ್ಲಿ ನಿಂದರತಿದ್ದ? ಆ ಬೇವಿನ ಗಿಡದ ಕಡೆ. ಅಲ್ಲೆ ನಿಂದ್ರು."

"ಅಲ್ಲೀತನಕ ಬರಬೇಕಂದ್ರ ಹಾಸು ಈ ಕಟ್ಟಿ ಹಾಯಬೇಕಲ್ಲ."

"ಹೌದಲ್ಲ ಮತ್ತ."

ಅವನಿಗೆ ನಗು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ. "ಕಾಕಿ, ಡೆಲ್ಲಿಯವರು ಹೇಳಿದ್ರೂ ನಾ ಒಡದಿಲ್ಲ ಇದನ್ನ."

"ಡೆಲ್ಲಿಯವರು ನಿನ್ನ ಹಾಸ ಹಿಡಿ ಬಾ ಅಂತ ಕರದಿದ್ರೇನು? ನಾ ಕರ್ಯಾಕತ್ತೇನಿ. ಬರಾವಲ್ಲಂದ್ರ ಹಂಗಂತ ಬಾಯಿಬಿಟ್ಟ ಹೇಳು."

ಒಳಗಿನಿಂದ ಅವನ ಹೆಂಡತಿಯ ದನಿ ಬಂತು. "ಬರತಾರ್ರಿ ಅತ್ತೀ, ಬರತಾರ! ಬರದಿದ್ರ ಮುಂದ ನಾ ಹಾಸ ಹಾಕಿದಾಗ ಕೋಲ ಹಿಡ್ಯಾಕ ಬೇಲೀಫನ್ನ ಕರೀಲೇನು?"

ಅವನು ಸುಟ್ಟ ಮಿರ್ಚಿ ಎತ್ತಿ ಬದಿಗೆ ಎಸೆದ. ದನಿ ಸಣ್ಣದಾಯಿತು. "ಅಲ್ಲ ಕಾಕಿ, ಗಾಡಿ ಎಲ್ಲಿ ನಿಂದ್ರಸಲಿ? ನನ್ನ ಹೊಟ್ಟಿ ಇದರ ಮ್ಯಾಲ ಐತಿ. ಅದನ್ನ ಯಾವ ಕೋರ್ಟೂ ಕೇಳಲಿಲ್ಲ."

ಅತ್ತೆ ಗಾಡಿಯನ್ನು ಮೇಲಿನಿಂದ ಕೆಳಗೆ ನೋಡಿದರು. "ಇದಕ್ಕ ಗಾಲಿ ಅದಾವಲ್ಲೋ" ಎಂದರು. "ಮುಂಜಾನಿ ತಂದು ನಮ್ಮ ಗ್ವಾಡಿಗೆ ಹಚ್ಚು. ಸಂಜೀಕ ಇಲ್ಲೇ ತಂದು ಹಚ್ಚಿ ಕರಿ, ಯಾರ ಬ್ಯಾಡಂತಾರ? ಸಂಜೀ ಮುಂದ ಯಾರರೆ ಹಾಸ ಹಾಕತಾರೇನು?"

ನಾನು ಗಾಢ ಯೋಚನೆಗೆ ಬಿದ್ದೆ. ಗದಗಿನಿಂದ ಧಾರವಾಡಕ್ಕೆ, ಧಾರವಾಡದಿಂದ ದಿಲ್ಲಿಗೆ ಈ ಜಗಳ ಹೋಗಿ ಬಂದಿತ್ತು. ಕಟ್ಟೆಯ ಉದ್ದ ಅಗಲ ಎತ್ತರ ಎಲ್ಲ ಬರೆದಿದ್ದರು. ಗಾಡಿಗೆ ಗಾಲಿ ಇರುವುದನ್ನು ಯಾರೂ ಬರೆದಿರಲಿಲ್ಲ. ದಿನಾ ಎರಡು ಸಲ ಆ ಗಾಡಿಯ ಪಕ್ಕದಲ್ಲೇ ನಡೆದು ಹೋಗುವ ನನಗೂ ಅದು ಹೊಳೆದಿರಲಿಲ್ಲ. ನಾನು ಆ ಗಾಡಿಯ ಗ್ಯಾಸು ಬಂದ್ ಇದೆಯೋ ಇಲ್ಲವೋ ಎಂದಷ್ಟೇ ನೋಡಿಕೊಂಡು ಹೋಗುತ್ತಿದ್ದೆ.

ಮರುದಿನ ಲಕ್ಷ್ಮೇಶ್ವರದಿಂದ ಬರುವಷ್ಟರಲ್ಲಿ ಓಣಿಯಲ್ಲಿ ಮಂದಿ ಕೂಡಿದ್ದರು. ತಗಡು ಇಳಿಸಿ ಗೋಡೆಗೆ ಆನಿಸಲಾಗಿತ್ತು. ಮಿರ್ಚಿಯವನು ಬನಿಯನ್ನಿನಲ್ಲಿ ನಿಂತು ಗುದ್ದಲಿ ಬೀಸುತ್ತಿದ್ದ. ನಾಳೆಯ ಹಾಸಿಗಾಗಿ ಇವತ್ತೇ ಧೂಳು ಕೂರಬೇಕೆಂದು ಅವನ ಹೆಂಡತಿ ಪ್ರತಿ ಏಟಿಗೂ ಕೊಡದಿಂದ ನೀರು ಸುರಿಯುತ್ತಿದ್ದಳು. ಏಟಿನ ನಡುನಡುವೆ ಅವನು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ: "ಯಾರೂ ತಪ್ಪ ತಿಳಕೋಬ್ಯಾಡ್ರಿ! ಡೆಲ್ಲಿಯವರು ಹೇಳ್ಯಾರಂತ ಒಡ್ಯಾಕತ್ತಿಲ್ಲ ನಾ! ಹಾಸ ಬರಾಕತ್ತೈತಿ, ಅದಕ್ಕ!"

"ಆತಪಾ, ಎಲ್ಲಾರಿಗೂ ಗೊತ್ತಾತು. ಬಾಯಿಗಿಂತ ಕೈ ಜೋರ ನಡೀಲಿ" ಎಂದು ಅತ್ತೆ ಮೇಲ್ವಿಚಾರಣೆ ನಡೆಸಿದ್ದರು. ಕೊನೆಗೆ ಗೋಡೆಗೆ ಹತ್ತಿದ ಪಾವಟಿಗೆಯೊಂದು ಉಳಿಯಿತು. ಅವನು ಗುದ್ದಲಿ ಎತ್ತಿದಾಗ, "ಅದಿರಲಿ ಬಿಡು. ಎಳಿಗೆ ಅಡ್ಡ ಬರೂದಿಲ್ಲ" ಎಂದರು.

ನಾನು ಹತ್ತಿರ ಹೋಗಿ, "ಅತ್ತೀ, ಪೂರ್ತಿ ತಗೀಬೇಕು ಅಂತ ಐತ್ರಿ ತೀರ್ಪಿನಾಗ" ಎಂದೆ.

"ನಿನ್ನ ಯಾರರೆ ಕೇಳ್ಯಾರೇನು?" ಎಂದರು.

ಹಾಸಿನ ಮುಂಜಾನೆ ಆಕಾಶದಲ್ಲಿ ಒಂದು ಮೋಡ ಇತ್ತು. ನಾನು ಅದನ್ನೇ ನೋಡುತ್ತಿದ್ದೆ. ಓಣಿಯ ಈ ತುದಿಯಿಂದ ಹಾಸು ಬಿಚ್ಚುತ್ತ ಹೋದಂತೆ ಒಬ್ಬೊಬ್ಬರೇ ಬಂದು ಕೋಲು ಹಿಡಿದರು, ನಾನೂ ಒಂದು ಹಿಡಿದೆ. ಆದರೂ ಕೈ ಸಾಲುತ್ತಿರಲಿಲ್ಲ. ನಡುವೆ ಎಳೆಗಳು ಜೋತು ಬಿದ್ದು ನೆಲದ ಕಡೆ ಇಳಿಯುತ್ತಿದ್ದವು. ಅತ್ತೆಯ ಮುಖ ಮೊದಲ ಸಲ ಬಿಳಿಚಿಕೊಂಡದ್ದು ಆಗ. ಅಷ್ಟರಲ್ಲಿ ಓಣಿಯ ಬಾಯಿಗೆ ಒಂದು ಟಂಟಂ, ಅದರ ಹಿಂದೆ ಪೊಲೀಸ್ ಜೀಪು ಬಂದು ನಿಂತವು. ಛತ್ರಿಯ ಬೇಲೀಫರು, ಶಿರಹಟ್ಟಿಯ ಆಳುಗಳು, ಮೂವರು ಪೊಲೀಸರು ಇಳಿದರು. ಬೇಲೀಫರು ಹಾಸು ನೋಡಿ ಹಣೆ ಹಣೆ ಬಡಿದುಕೊಂಡರು.

"ಇವತ್ತೂ ಹಾಸೇನ್ರಿ! ಇವತ್ತು ಯಾರದ್ರಿ?"

"ನಂದು" ಎಂದರು ಅತ್ತೆ. "ಛಲೋ ಹೊತ್ತಿಗೆ ಬಂದ್ರಿ. ಜಲ್ದಿ ಕೈ ತೊಳಕೋರಿ."

"ಕಟ್ಟಿ..."

"ಕಟ್ಟಿ ಆಮ್ಯಾಲ. ಏ ಸಾಹೇಬ್ರ, ಆ ಲಾಠಿ ಗ್ವಾಡಿಗೆ ಆನಸ್ರಿ, ಈ ಕೋಲ ಹಿಡೀರಿ."

ಪೊಲೀಸಪ್ಪ ಬೇಲೀಫರ ಮುಖ ನೋಡಿದ. ಬೇಲೀಫರು ಓಣಿಯ ಉದ್ದಕ್ಕೂ ಕಣ್ಣು ಹಾಯಿಸಿದರು. ಕಟ್ಟೆ ಇರಬೇಕಾದ ಜಾಗದಲ್ಲಿ ಬೆಳಕು ಇತ್ತು, ಅದರಾಚೆ ಬೇವಿನ ಮರದ ಕೆಳಗೆ ಮಿರ್ಚಿಯವನು ಕೊನೆಯ ಕೋಲು ಹಿಡಿದು ಹಿಂದಕ್ಕೆ ಬಾಗಿ ನಿಂತಿದ್ದ. ಅವರು ಛತ್ರಿಯನ್ನು ಕಿಟಕಿಗೆ ತೂಗು ಹಾಕಿದರು. "ಹಿಡೀರಿ, ಹಿಡೀರಿ. ಇದೂ ಕೋರ್ಟಿನ ಕೆಲಸನ" ಎಂದು ತಾವೂ ತೋಳು ಮಡಚಿದರು.

ಎಲ್ಲ ಅಧಿಕಾರಿಗಳೂ ನೆರವಾಗಬೇಕು ಎಂಬ ಮಾತನ್ನು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆಯದೆ ಬಿಟ್ಟವಳು ನಾನು. ಅದು ಹೀಗೆ ಕಾಣುತ್ತದೆ ಎಂದು ಆವತ್ತು ಗೊತ್ತಾಯಿತು: ಟೊಪ್ಪಿಗೆ ತೆಗೆದು ತಲೆಯ ಮೇಲೆ ಕರವಸ್ತ್ರ ಹಾಕಿಕೊಂಡ ಪೊಲೀಸರು, ಮೂಗಿಗೆ ಗಂಜಿ ಹತ್ತಿಸಿಕೊಂಡ ಬೇಲೀಫರು, ಗುದ್ದಲಿಯ ಕೈಯಲ್ಲಿ ಮೆತ್ತಗೆ ಎಳೆ ಎತ್ತಿದ ಆಳುಗಳು. ಹಾಸು ಮೇಲೆದ್ದಿತು. ತಂತಿಯ ಹಾಗೆ ಬಿಗಿದು ನಿಂತಿತು. ಒಂದೇ ಕಡೆ ಸಣ್ಣ ತಗ್ಗು.

"ಅಕ್ಕೋರ!" ಬೇವಿನ ಮರದ ಕೆಳಗಿನಿಂದ ಮಿರ್ಚಿಯವನು ಕೂಗಿದ. "ಮ್ಯಾಲ ಮೋಡ ನೋಡಬ್ಯಾಡ್ರಿ, ಕೋಲ ನೋಡ್ರಿ! ನಿಮ್ಮಲ್ಲೇ ಜೋತ ಬಿದ್ದೈತಿ!"

ಮೋಡ ಹುಲಕೋಟಿಯ ಕಡೆ ಹೋಯಿತು. ಅತ್ತೆ ಕುಂಚಿಗೆ ಹಿಡಿದು ಓಣಿಯ ಉದ್ದಕ್ಕೂ ತೀಡುತ್ತ ನಡೆದರು. ಕಟ್ಟೆಯ ಜಾಗ ಬಂದಾಗ ಕ್ಷಣ ನಿಂತು, ಕಾಲಿನಿಂದ ನೆಲವನ್ನೊಮ್ಮೆ ಮುಟ್ಟಿ ನೋಡಿ, ಮುಂದೆ ಹೋದರು.

ಹಾಸು ಒಣಗಿ ಸುತ್ತಿಯಾದ ಮೇಲೆ ಎಲ್ಲರಿಗೂ ಮಿರ್ಚಿ ಬಂತು. ಬೇಲೀಫರು ಕಾಗದ ತೆಗೆದು ಗೋಡೆಯ ಕಡೆ ನೋಡಿ ಗಂಭೀರವಾದರು.

"ಅವ್ವಾರ, ಪೂರ್ತಿ ತಗೀಬೇಕು ಅಂತ ಐತ್ರಿ. ಈ ಪಾವಟಿಗಿ ಉಳದೈತಲ್ಲ."

ನಾನು ಅತ್ತೆಯ ಕಡೆ ನೋಡಿದೆ. ಅವರು ಹೋಗಿ ಆ ಪಾವಟಿಗೆಯ ಮೇಲೆ ಕೂತು, ಮಗ್ಗದ ಕುಣಿಯಲ್ಲಿ ಮಡಚಿ ಮಡಚಿ ಬೇಸತ್ತ ಕಾಲುಗಳನ್ನು ಉದ್ದಕ್ಕೆ ಚಾಚಿದರು. "ಈಗ ನಾ ಕುಂತೇನಿ. ನನ್ನ ಎಬ್ಬಸಬೇಕಂದ್ರ ಡೆಲ್ಲಿಯವರನ್ನ ಕೇಳ್ರಿ."

ಬೇಲೀಫರು ಬಿಸಿಲು ನೋಡಿದರು, ನಿವೃತ್ತಿಯನ್ನೂ ನೆನೆದಿರಬೇಕು. "ಸ್ವಲ್ಪ ಸರೀರಿ ಹಂಗಾರ" ಎಂದು ಪಕ್ಕದಲ್ಲೇ ಕೂತು ತೊಡೆಯ ಮೇಲೆ ಕಾಗದ ಇಟ್ಟುಕೊಂಡರು. "ಯಾರು ತಗದ್ರು ಅಂತ ಬರೀಲಿ?"

"ಹಾಸು ತಗೀತು ಅಂತ ಬರೀರಿ" ಎಂದ ಮಿರ್ಚಿಯವನು. ಅವರು ಏನು ಬರೆದರೋ ನನಗೆ ತಿಳಿಯದು. ಇಣುಕಿ ನೋಡಲು ಹೋದಾಗ ಅತ್ತೆ ಕಣ್ಣು ಬಿಟ್ಟರು.

ಆ ವಾರ ಅತ್ತೆ ವರ್ಷಕ್ಕೆ ಇದೊಂದೇ ಸಲ ಎಂದು ಸಾವಧಾನವಾಗಿ ಕೂತು ಎಳೆ ಕೆಚ್ಚಿದರು. ಮಿರ್ಚಿಯವನ ಹೆಂಡತಿ ಬಂದು ಅರ್ಧ ಕೆಚ್ಚಿಕೊಟ್ಟಳು. ಆಮೇಲೆ ಕುಣಿಗೆ ಇಳಿದರು. ಲಾಳಿಯ ಸದ್ದು ಶುರುವಾಯಿತು. ನಾನು ಬಸ್ಸಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ಕೆಳಗಿನಿಂದ ದನಿ ಬಂತು.

"ಏ, ಈ ಹಾಸು ಬರೂ ಬ್ಯಾಸಗೀತನಕ ಬರತೈತಿ. ಸೋಫಾ ತರಬ್ಯಾಡ ಅಂತ ಹೇಳು ಅವಗ."

ನನ್ನ ಗಂಡ ಮಗ್ಗದಿಂದ ಮಾರು ದೂರದಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಆದರೂ ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಅವರ ಮುಂದೆ ನಿಂತು, "ಸೋಫಾ ತರಬ್ಯಾಡ್ರಿ" ಎಂದು ಹೇಳಿದೆ. ಹಾಗೇ ಅಡಿಗೆಮನೆಗೆ ಹೋಗಿ ಗ್ಯಾಸನ್ನೂ ಒಮ್ಮೆ ನೋಡಿಕೊಂಡು ಬಂದೆ.